ಸಮುದ್ರಕ್ಕೆ ಹೋದ ಕನ್ನಡಕ

ಮೊನ್ನೆ ಚಿಂತಾಮಣಿಯಲ್ಲಿ ನಾನು ಕೂತಿದ್ದ ಆಟೋ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬಿಗೆ ಸಲ್ಯೂಷನ್ ಹಚ್ಚುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಡ್ಲಘಟ್ಟದ ಬಾವಿ ಸಾಹೇಬರು ನೆನಪಾದರು. ಈ ವಯಸ್ಸಿನಲ್ಲಿ ನೆನಪುಗಳು ಹೇಳಿ ಕೇಳಿ ಬರುವುದಿಲ್ಲ. ಬಂದವರನ್ನು ಕೂರಿಸಿಕೊಳ್ಳಬೇಕು, ಅಷ್ಟೆ.

ಅರವತ್ತರ ದಶಕದ ಶುರುವಿನಲ್ಲಿ ನಾನು ಅಲ್ಲಿಯ ಹೈಸ್ಕೂಲಿಗೆ ಹೊಸ ಮೇಷ್ಟ್ರು. ಸಾಹೇಬರು ನಮ್ಮ ಬೀದಿಯವರು. ಮನೆತನದ ಕಸುಬು ರೇಷ್ಮೆ ನೂಲು ತೆಗೆಯುವುದು. ಕುದಿಯುವ ನೀರಿನಲ್ಲಿ ಗೂಡು ತಿರುವಿ ತಿರುವಿ ಬೆರಳು ಬೆಂದುಹೋಗುತ್ತವೆಂದು ಅದನ್ನು ಬಿಟ್ಟು ತಣ್ಣೀರಿಗೆ ಇಳಿದಿದ್ದರು. ಯಾರ ಮನೆಯ ಕೊಡ ಬಾವಿಗೆ ಬಿದ್ದರೂ, ಹಗ್ಗಕ್ಕೆ ಕಟ್ಟಿ ಬಿಡುವ ಪಾತಾಳಗರಡಿಯ ಕೊಕ್ಕೆಗೆ ಅದು ಸಿಗದಿದ್ದರೆ, ಸಾಹೇಬರಿಗೆ ಹೇಳಿಕಳಿಸುತ್ತಿದ್ದರು.

ಅವರ ಬಳಿ ನೀರಿನೊಳಗೆ ಹಾಕಿಕೊಳ್ಳುವ ಒಂದು ಕನ್ನಡಕವಿತ್ತು. ಲಾರಿ ಟ್ಯೂಬು ಕತ್ತರಿಸಿ, ಗುಂಡನೆಯ ಗಾಜು ಕೂರಿಸಿ, ಸಲ್ಯೂಷನ್ ಹಾಕಿ ತಾವೇ ಮಾಡಿಕೊಂಡದ್ದು. ಕಣ್ಣು ಮೂಗು ಎರಡನ್ನೂ ಮುಚ್ಚುತ್ತಿತ್ತು. ಎಷ್ಟೋ ಸಲ ಕೆಡಿಸಿ, ಒಂದು ವರ್ಷ ಒದ್ದಾಡಿ ಮುಖಕ್ಕೆ ಹೊಂದಿಸಿದ್ದರಂತೆ. ಅದನ್ನು ಹಾಕಿಕೊಂಡರೆ ಬಾವಿಯ ತಳದಲ್ಲಿ ಬಿದ್ದ ಮೂಗುಬೊಟ್ಟೂ ಕಾಣುತ್ತದೆ ಎನ್ನುತ್ತಿದ್ದರು. ನಾನು ಸ್ವಲ್ಪ ಕಡಿಮೆ ಮಾಡಿಯೇ ನಂಬುತ್ತಿದ್ದೆ...

ಆ ವರ್ಷ ಶಾಲೆಯಿಂದ ಕರಾವಳಿಗೆ ಪ್ರವಾಸ ಹೊರಟಿತು. ಕೆರೆ ತುಂಬಿದರೇ ಹೆದರುವ ನಮ್ಮ ಕಡೆಯವರು, ಸಾಹೇಬರು ಜೊತೆಗೆ ಹೋದರೆ ಮಾತ್ರ ಮಕ್ಕಳನ್ನು ಕಳಿಸುತ್ತೇವೆಂದು ಹಟ ಹಿಡಿದರು. ಸಾಹೇಬರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಕನ್ನಡಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ನಾವು ಇಳಿದ ಕಡೆ ಮರಳಿಗಿಂತ ಬಂಡೆಯೇ ಹೆಚ್ಚು. ಊಟ ಮುಗಿಸಿ ನಾನು ಬಂಡೆಯ ಅಂಚಿನಲ್ಲಿ ಬಗ್ಗಿ ಕೈ ತೊಳೆದೆ. ನೋಡಿಕೊಂಡರೆ ಮಣಿಕಟ್ಟು ಬರಿದು! ಕೆಲಸ ಸಿಕ್ಕಾಗ ಅಪ್ಪ ಕೊಡಿಸಿದ್ದ ವಾಚು. ಸಾಹೇಬರನ್ನು ಕೂಗಿದೆ.

"ಸಾಹೇಬ್ರೇ, ನನ್ ವಾಚು ನೀರಿಗೆ ಬಿದ್ದೋಯ್ತು!"

"ಎಲ್ಲಿ ಬಿತ್ತು ತೋರ್ಸಿ ಮೇಷ್ಟ್ರೇ. ಬಿದ್ದಿದ್ದು ಬಿದ್ದ ಕಡೇನೇ ಇರ್ತದೆ."

ಅದು ಬಾವಿಯ ಲೆಕ್ಕ. ನಾನು ಬೆರಳು ತೋರಿಸಿದ ಜಾಗಕ್ಕೆ ನೇರವಾಗಿ ಧುಮುಕಿದರು. ಮೊದಲ ಸಲ ಬರಿಗೈಯಲ್ಲಿ ಬಂದು, "ಈ ನೀರು ಸುಮ್ನೆ ಇರಲ್ಲ ಮೇಷ್ಟ್ರೇ" ಎಂದು ನಕ್ಕರು. ಎರಡನೆಯ ಸಲ ಅವರು ತಲೆ ಎತ್ತುವುದಕ್ಕೂ ದೊಡ್ಡ ಅಲೆಯೊಂದು ಅಪ್ಪಳಿಸುವುದಕ್ಕೂ ಸರಿಹೋಯಿತು. ನೊರೆ ಇಳಿದಾಗ ಬಂಡೆಯನ್ನು ತಬ್ಬಿಕೊಂಡಿದ್ದರು. ಮುಖದ ಮೇಲೆ ಕನ್ನಡಕವಿರಲಿಲ್ಲ.

ಆಮೇಲೆ ಮುಳುಗಿದ್ದೆಲ್ಲ ಕನ್ನಡಕಕ್ಕಾಗಿ. ಎಷ್ಟು ಸಲವೋ... ಬಂಡೆಗೆ ಅಂಟಿದ ಚಿಪ್ಪುಗಳು ತರಚಿ ಮೊಣಕಾಲಿನಿಂದ ರಕ್ತ ಸೋರುತ್ತಿತ್ತು, ಉಪ್ಪುನೀರಿಗೆ ಕಣ್ಣು ಕೆಂಡವಾಗಿತ್ತು. ಕೊನೆಗೆ ಹೆಡ್ಮಾಸ್ಟರು ಗದರಿ ಮೇಲೆ ಹತ್ತಿಸಿದರು. ಬಸ್ಸಿನ ಬಾಗಿಲಲ್ಲಿ ಸಾಹೇಬರು ನನ್ನ ಕೈ ಹಿಡಿದುಕೊಂಡು, "ನಿಮ್ ವಾಚ್ ತರಕ್ಕಾಗ್ಲಿಲ್ಲ ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ" ಎಂದರು. ತಮ್ಮ ಕನ್ನಡಕದ ಮಾತೇ ಎತ್ತಲಿಲ್ಲ.

ಬಸ್ಸು ಹೊರಟ ಮೇಲೆ ಸೀಟಿನ ಕೆಳಗಿದ್ದ ಬೂಟಿಗೆ ಕಾಲು ತೂರಿಸಿದೆ. ಬೆರಳಿಗೆ ಏನೋ ತಾಕಿತು. ವಾಚು! ಮರಳು ತುಂಬುತ್ತದೆಂದು ಬೂಟು ಬಿಟ್ಟು ಇಳಿಯುವಾಗ, ಉಪ್ಪುನೀರು ತಾಗದಿರಲೆಂದು ನಾನೇ ಬಿಚ್ಚಿ ಅದರೊಳಗೆ ತುರುಕಿದ್ದೆ. ಮುಂದಿನ ಸೀಟಿನಲ್ಲಿ ಸಾಹೇಬರು ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದರು. ಈಗಲೇ ಹೇಳಬೇಕು ಎಂದುಕೊಂಡೆ. ಘಟ್ಟ ಹತ್ತಲಿ, ಆಮೇಲೆ ಹೇಳೋಣ ಎಂದುಕೊಂಡೆ. ಊರೇ ಬಂತು.

ಅವರು ಮತ್ತೆರಡು ಕನ್ನಡಕ ಮಾಡಿ ನೋಡಿದರು. ಎರಡರಲ್ಲೂ ನೀರು ಜಿನುಗುತ್ತಿತ್ತು. ಕನ್ನಡಕವಿಲ್ಲದೆ ಕತ್ತಲೆಯಲ್ಲಿ ಕೆಸರು ತಡಕಿ ಹುಡುಕುವ ವಯಸ್ಸು ದಾಟಿತ್ತು. ಒಂದು ದಿನ ನೋಡುತ್ತೇನೆ, ಸಾಹೇಬರು ಒಲೆಯ ಮುಂದೆ ಕೂತು ಕುದಿನೀರಿನಲ್ಲಿ ಗೂಡು ತಿರುವುತ್ತಿದ್ದಾರೆ. ನನ್ನನ್ನು ಕಂಡು ಎದ್ದು ನಿಂತು, "ನಿಮ್ ವಾಚ್ ಸಿಗ್ಲೇ ಇಲ್ವಲ್ಲ ಮೇಷ್ಟ್ರೇ" ಎಂದರು. ಕಂಡಾಗಲೆಲ್ಲ ಅದೇ ಮಾತು. "ಬಿಡಿ ಸಾಹೇಬ್ರೇ, ಹೋದ್ರೆ ಹೋಗ್ಲಿ" ಎನ್ನುತ್ತಿದ್ದೆ, ದೊಡ್ಡ ಮನಸ್ಸಿನವನ ಹಾಗೆ! ವಾಚು ನನ್ನ ಪೆಟ್ಟಿಗೆಯ ತಳದಲ್ಲಿ, ಪಂಚೆಗಳ ಕೆಳಗಿತ್ತು.

ಗೌರಿಬಿದನೂರಿಗೆ ವರ್ಗವಾದ ಮೇಲೆ ಅದನ್ನು ಧೈರ್ಯವಾಗಿ ಕಟ್ಟಿಕೊಂಡೆ. ಕೆಲವು ವರ್ಷ ಕಳೆದು ಸಾಹೇಬರು ತೀರಿಕೊಂಡ ಸುದ್ದಿ ಬಂತು. ಶಿಡ್ಲಘಟ್ಟ ಹತ್ತಿರವಾಗುತ್ತಿದ್ದಂತೆ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅವರ ಹೆಂಡತಿ ಬಾಗಿಲ ಮರೆಯಿಂದಲೇ ಮಾತಾಡಿದರು.

"ಊರೋರ್ದೆಲ್ಲ ತೆಕ್ಕೊಟ್ಟೆ, ಮೇಷ್ಟ್ರದೊಂದು ಆಗ್ಲಿಲ್ಲ ಅಂತಿದ್ರು. ಕೊನೇ ತನಕ ಅಂತಿದ್ರು."

ತಲೆ ಆಡಿಸಿ ಎದ್ದು ಬಂದೆ.

ಈಗ ಆ ಬಾವಿಗಳನ್ನು ಮುಚ್ಚಿದ್ದಾರೆ. ಅವರ ಮನೆಯವರು ಎಲ್ಲಿದ್ದಾರೋ ಗೊತ್ತಿಲ್ಲ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಹಾಗೆ ಅನ್ನಿಸುತ್ತಿಲ್ಲ, ಸುಸ್ತಾಗಿದೆ, ಅಷ್ಟೆ. ಅಷ್ಟು ವರ್ಷ ನನ್ನೆದುರು ನಿಂತು ತಪ್ಪಾಯಿತು ಎಂದವರು ಅವರು. ನಾನು ಒಂದು ಸಲವೂ ಹೇಳಲಿಲ್ಲ.