ಅಜ್ಜಿಯ ಮಡಿಲಲ್ಲಿ ನನ್ನ ಕಾಲು

ಹೆಬ್ಬೆ ಜಲಪಾತ ನೋಡಿಕೊಂಡು ಜೀಪಿನ ಬಳಿ ಬಂದು ಕಾಲುಚೀಲ ಕಳಚಿದರೆ ನನ್ನ ಪಾದವೆಲ್ಲ ರಕ್ತ. ಜಿಗಣೆ ಕಚ್ಚಿತ್ತು. ಜೊತೆಗಿದ್ದವರಿಗೂ ಕಚ್ಚಿತ್ತು, ಅವರು ಒರೆಸಿಕೊಂಡು ನಗುತ್ತಿದ್ದರು. ನನ್ನದು ಮಾತ್ರ ನಿಲ್ಲಲೇ ಇಲ್ಲ. ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗುವವಳು ನಾನು. ಯಜಮಾನರ ಕರವಸ್ತ್ರವೂ ತೊಯ್ದುಹೋಯಿತು. "ಇವಳಿಗೆ ವಾಲ್ವ್ ಆಪರೇಷನ್ ಆಗಿದೆ, ಬೇಗ ತರೀಕೆರೆಗೆ ಹೋಗ್ಬೇಕು" ಎಂದು ಅವರು ಡ್ರೈವರಿಗೆ ಕೂಗಿ ಹೇಳಿದರು.

ಅದನ್ನು ಕೇಳಿ ಪಕ್ಕದ ಜೀಪಿನಿಂದ ಚೌಳಹಿರಿಯೂರು ಕಡೆಯ ಅಜ್ಜಿಯೊಬ್ಬರು ಇಳಿದು ಬಂದರು. ನೆಲದ ಮೇಲೇ ಕೂತು ನನ್ನ ಕಾಲನ್ನು ಮಡಿಲಿಗೆ ಎಳೆದುಕೊಂಡು, ಸೆರಗು ಮಡಚಿ ಗಾಯದ ಮೇಲೆ ಅದುಮಿ ಹಿಡಿದರು.

"ಅಯ್ಯೋ, ನೀವು ದೊಡ್ಡೋರು, ನನ್ನ ಕಾಲು ಮುಟ್ಟಬಾರದು" ಎಂದೆ ಅಳುತ್ತಲೇ.

"ಸುಮ್ಕಿರವ್ವ. ನಂಗೂ ವಾಲ್ವು ಹಾಕವ್ರೆ. ಮಗಳ ಮದ್ವೆಗೆ ಮುಂಚೆ ಹಾಕಿದ್ದು, ಮೊನ್ನೆ ಮೊಮ್ಮಗಳ ಮದ್ವೇಲಿ ಲಾಡು ಕಟ್ಟಿ ಬಂದೀನಿ. ಒಂದು ಹುಳ ಕಚ್ಚಿದ್ಕೆ ಹಿಂಗಾ ಅಳೋದು?"

ಅವರ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. "ಹೊಡ್ಕಳ್ಳಿ ಬಿಡು" ಎಂದ ಅಜ್ಜಿ, ರಕ್ತ ಪೂರ್ತಿ ನಿಲ್ಲುವವರೆಗೂ ಹೆಬ್ಬೆರಳು ಸಡಿಲಿಸಲಿಲ್ಲ. ಆ ಸುಕ್ಕುಗಟ್ಟಿದ ಮುಖವನ್ನು ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಆಪರೇಷನ್ ಆದಾಗಿನಿಂದ ಮುಂದಿನ ತಪಾಸಣೆಯಿಂದಾಚೆಗೆ ನಾನು ಏನನ್ನೂ ಯೋಚಿಸಿದವಳಲ್ಲ. ಅಂದು ನಮ್ಮೂರು ಅಜ್ಜಂಪುರಕ್ಕೆ ಕಾರಿನಲ್ಲಿ ಮರಳುವಾಗ, ಈಗಷ್ಟೇ ಕಾಲೇಜು ಸೇರಿರುವ ಮಗಳ ಮದುವೆಗೆ ನಾನು ಯಾವ ಬಣ್ಣದ ಸೀರೆ ಉಡಲಿ ಎಂದು ಯಜಮಾನರನ್ನು ಕೇಳಿದೆ. ಅವರು ಕಾರು ನಿಲ್ಲಿಸಿ ನನ್ನನ್ನೇ ನೋಡಿದರು.