ಅಳತೆಗೆ ಕೊಟ್ಟದ್ದು

ಅಡುಗೆಮನೆಯ ಗೋಡೆಗೊರಗಿ ಕುಳಿತ ಈಳಿಗೆಮಣೆಯನ್ನು ನಾನು ಈಗೀಗ ಸಂಶಯದಿಂದಲೇ ನೋಡುತ್ತೇನೆ. ಕೊಪ್ಪದ ನಮ್ಮ ಮನೆಗೆ ಬಂದವರು ಯಾರೇ ಇರಲಿ, ಕಾಫಿ ಲೋಟ ಕೆಳಗಿಡುವುದರೊಳಗೆ "ಇದು ನಮ್ಮಮ್ಮನ ಈಳಿಗೆ" ಎಂಬ ನನ್ನ ಮಾತು ಕೇಳಿಸಿಕೊಳ್ಳದೆ ಎದ್ದುಹೋದದ್ದಿಲ್ಲ. ಅಮ್ಮ ಅದನ್ನು ಹಿರಿಯಳಾದ ನನಗೆ ಕೊಟ್ಟಳು, ತಂಗಿ ಸುಮಿತ್ರೆಗೆ ಕೊಡಲಿಲ್ಲ ಎಂಬ ಜಂಬವನ್ನೂ ಆ ಮಾತಿನೊಳಗೆ ಸದ್ದಿಲ್ಲದೆ ಸೇರಿಸಿರುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು?

ಅಮ್ಮನ ಕಾಲದ ಅಲಗು ಮಸೆದೂ ಮಸೆದೂ ಸವೆದು, ಬಾಳೆದಿಂಡಿಗೂ ಬಾಗತೊಡಗಿದಾಗ ನರಸಿಂಹರಾಜಪುರದ ಕಮ್ಮಾರನಲ್ಲಿ ಹೊಸದು ಮಾಡಿಸಿದ್ದೆ. ಕೆಲವು ವರ್ಷಗಳ ಮೇಲೆ ಹಲಸಿನ ಮಣೆ ಸೀಳಿತು. ಭಂಡಿಗಡಿಯ ಬಡಗಿ ಆಚಾರ್ರು ಇನ್ನೊಂದು ಮಾಡಿಕೊಟ್ಟರು. ಹೊಸದು ಮಾಡಿಸುವಾಗ ಹಳೆಯದನ್ನೇ ಅಳತೆಗೆಂದು ಕೊಟ್ಟುಬರುವುದು ನಮ್ಮ ಕಡೆಯ ರೂಢಿ. ಹೊಸದು ಕೈಗೆ ಬಂದ ಸಂಭ್ರಮದಲ್ಲಿ ಹಳೆಯದನ್ನು ವಾಪಸು ಕೇಳಬೇಕೆಂದು ಎರಡು ಸಲವೂ ನನಗೆ ಹೊಳೆಯಲಿಲ್ಲ. ಅಲಗು ಬದಲಾದಾಗ ಮಣೆ ಅಮ್ಮನದಿತ್ತು. ಮಣೆ ಬದಲಾಗುವ ಹೊತ್ತಿಗೆ ಆ ಹೊಸ ಅಲಗೇ ಹಳೆಯದಾಗಿತ್ತು. ಹಾಲಿನವನನ್ನೂ ಮೀಟರು ಓದುವವನನ್ನೂ ಅನುಮಾನಿಸುವ ನನಗೆ, ಅಮ್ಮನನ್ನು ಕಂತಿನಲ್ಲಿ ಮನೆಯಿಂದ ಕಳಿಸುತ್ತಿದ್ದೇನೆಂಬ ಅನುಮಾನ ಮಾತ್ರ ಬರಲೇ ಇಲ್ಲ.

ಕಳೆದ ತಿಂಗಳು ಶೃಂಗೇರಿಗೆ, ಸುಮಿತ್ರೆಯ ಮನೆಗೆ ಹೋದಾಗ ಅವಳು ಬಾಳೆಹೂ ಹೆಚ್ಚುತ್ತಿದ್ದಳು. ತಗಡಿನ ಪಟ್ಟಿ ಹೊಡೆದು ಕೂಡಿಸಿದ ಮಣೆ, ಸವೆದು ತೆಳುವಾದ ಅಲಗು. ಮಣೆಯ ಬಲಬದಿಗೆ, ಅಮ್ಮ ವರ್ಷಾನುಗಟ್ಟಲೆ ಹಿಮ್ಮಡಿ ಊರಿದ್ದರಿಂದ ಬಿದ್ದ ತಗ್ಗು! ಕೈಚೀಲ ಕೆಳಗಿಡುವ ಮೊದಲೇ ಕೇಳಿದೆ.

"ಇದು ನಿನ್ನ ಹತ್ರ ಹೆಂಗೆ ಬಂತೇ?"

"ಎಂತ ಅಕ್ಕ, ಕದ್ದೆ ಅಂತ ಮಾಡಿದ್ಯಾ? ಅಳತೆಗೆ ಕೊಟ್ಟೋಳು ನೀನು ಅಲ್ಲೇ ಬಿಟ್ಟುಬಂದೆ. ಆಗ ಕಮ್ಮಾರನ ಹತ್ರ ಅಲಗು ಇಸ್ಕೊಂಡು ಬಂದಿದ್ದೆ, ಆಮೇಲೆ ಆಚಾರ್ರ ಹತ್ರ ಮಣೆ. ಬಿಸಾಡೋಕೆ ಮನಸ್ಸು ಬರ್ಲಿಲ್ಲ ಮಾರಾಯ್ತಿ."

ನಾನು ಸೋಲುವವಳೇ? ಕನ್ನಡಕ ಏರಿಸಿ ಪರೀಕ್ಷೆಗಿಳಿದೆ. ಪಟ್ಟಿ ಅಮ್ಮನದಲ್ಲ, ಮೊಳೆಗಳೂ ಅಮ್ಮನವಲ್ಲ. "ಮೊಳೆ ಹೊಸದಲ್ವಾ?" ಎಂದೆ. "ಹೌದು" ಎಂದು ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

"ಕೊಡಿಲ್ಲಿ, ನಾನು ಹೆಚ್ತೀನಿ" ಎಂದೆ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅಮ್ಮ ಹೇಳಿಕೊಟ್ಟಿದ್ದಳಲ್ಲ, ಸುಮಿತ್ರೆ ಅದನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ಜಗಳ ನನ್ನೊಳಗೆ ಆಗಲೇ ಶುರುವಾಗಿದೆಯೆಂದು ಅವಳಿಗೇನು ಗೊತ್ತು! ಕುಳಿತು ಹಿಮ್ಮಡಿಯನ್ನು ಆ ತಗ್ಗಿಗೆ ಇಟ್ಟೆ. ಕೂರಲಿಲ್ಲ. ನನ್ನದು ಅಪ್ಪನ ಪಾದ, ಅಗಲ. ಸ್ವಲ್ಪ ಹೊತ್ತಿನ ಮೇಲೆ ಸುಮಿತ್ರೆ ಕುಳಿತಳು. ಅವಳ ಹಿಮ್ಮಡಿ, ನೋಡದೆಯೇ, ತನ್ನ ಜಾಗಕ್ಕೆ ಹೋಗಿ ಕೂತುಬಿಟ್ಟಿತು. ನನಗೆ ಹೊಟ್ಟೆ ಉರಿಯಿತು. ಜೊತೆಗೆ, ಅಮ್ಮನನ್ನು ಕಂಡಷ್ಟು ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಮೊದಲು ಆಯಿತೋ ಹೇಳಲಾರೆ.

ಬಸ್ಸಿನಲ್ಲಿ ವಾಪಸು ಬರುವಾಗ ಬಸರೀಕಟ್ಟೆಯ ನಮ್ಮ ನೆಂಟರ ಜೀಪು ನೆನಪಾಯಿತು. ಎಂಜಿನ್ನು, ಬಾಡಿ, ಸೀಟು ಎಲ್ಲ ಬದಲಾದರೂ ನಂಬರು ಒಂದೇ ಎಂಬ ಧೈರ್ಯದಲ್ಲಿ ಅದಿನ್ನೂ ಹಳೆಯ ಜೀಪಾಗಿಯೇ ಓಡಾಡುತ್ತಿದೆ. ನನ್ನ ಈಳಿಗೆಗೆ ಅಂಥ ನಂಬರೂ ಇರಲಿಲ್ಲ; ಇದ್ದದ್ದು ನನ್ನ ಬಾಯಿಮಾತೊಂದೇ. ಬಂದವಳೇ ನನ್ನ ಮಣೆಯನ್ನು ಬೆಳಕಿಗೆ ಹಿಡಿದೆ. ಬಲಬದಿಯಲ್ಲಿ, ಅಗಲವಾಗಿ, ಮರ ನುಣುಪಾಗತೊಡಗಿತ್ತು. ಅಮ್ಮನದೆಂದು ಊರೆಲ್ಲ ಸಾರುತ್ತ ಅದನ್ನು ನಾನೇ ಸವೆಸುತ್ತಿದ್ದೆ.

ನಿನ್ನೆ ಪಕ್ಕದ ಮನೆಯ ಸಾವಿತ್ರಮ್ಮ ಬಾಗಿಲಲ್ಲಿ ನಿಂತು, "ನಿಮ್ಮಮ್ಮನ ಈಳಿಗೆ ಒಂದು ಗಳಿಗೆ ಕೊಡ್ತೀರಾ?" ಎಂದರು. ತಂದು ಅವರ ಮುಂದೆ ನೆಲದ ಮೇಲಿಟ್ಟೆ.

"ಅಮ್ಮಂದು ಶೃಂಗೇರೀಲಿದೆ, ತಂಗಿ ಹತ್ರ. ಇದು ನಂದು" ಎಂದೆ.

ಸಾವಿತ್ರಮ್ಮ ಈಳಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಸುಳ್ಳು ಹೇಳುತ್ತಿದ್ದೇನೆಂದೇ ಅವರಿಗೆ ಅನ್ನಿಸಿರಬೇಕು.