ಬೀಡಿ ಸೇದದ ಭಾವನ ಬೆಂಕಿಪೊಟ್ಟಣ

ಯುದ್ಧ ಶುರುವಾದ ಮಾರನೇ ವರ್ಷ, ರಾಗಿ ಕೊಯ್ಲು ಮುಗಿದಿದ್ದ ಹೊತ್ತು. ಚಿನ್ನದ ಗಣಿಯಲ್ಲಿ ನನ್ನ ಕಾಲಿನ ಮೇಲೆ ಕಲ್ಲು ಬಿದ್ದು ಎರಡು ಬೆರಳು ಜಜ್ಜಿಹೋಗಿದ್ದವು. ಒಂದು ತಿಂಗಳು ಕೆಳಗಿಳಿಯಬೇಡ ಎಂದು ಮನೆಗೆ ಕಳಿಸಿದ್ದರು. ಆಗ ನನಗೆ ಇಪ್ಪತ್ತೆರಡು. ಓದಿದ್ದು ಮೂರನೇ ಕ್ಲಾಸು. ಬರೆಯಲು ಬರುತ್ತದೆ, ಚಂದವಾಗಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮೂರು ಕ್ಯಾಸಂಬಳ್ಳಿ ದಾರಿಯಲ್ಲಿದೆ. ಊರಿನ ಅರ್ಧ ಗಂಡಸರು ನಡೆದುಕೊಂಡೇ ಗಣಿಗೆ ಹೋಗಿ ಬರುತ್ತಾರೆ. ಅವರಲ್ಲಿ ನನ್ನ ಅಕ್ಕನ ಗಂಡ ಮುನಿಶಾಮಿ ಭಾವನೂ ಒಬ್ಬ. ನಾನಿರುವುದೂ ಅವನ ಮನೆಯಲ್ಲೇ. ಭಾವ ಡ್ರಿಲ್ ಹಿಡಿಯುವವನು, ಅಂದರೆ ಬಂಡೆಗೆ ತೂತು ಕೊರೆಯುವ ಕೆಲಸ. ಕೊರೆಯುವಾಗ ಹಿಟ್ಟಿನಂಥ ಧೂಳು ಏಳುತ್ತದೆ. ಹನ್ನೊಂದು ವರ್ಷ ಭಾವ ಉಸಿರಾಡಿದ್ದು ಅದನ್ನೇ.

ಆಗ ಬೆಂಗಳೂರಿನಿಂದ ಒಬ್ಬ ಡಾಕ್ಟರು ಬಂದರು. ಬಂಗಾರಪೇಟೆಯಲ್ಲಿ ರೈಲು ಇಳಿದು ಜಟಕಾದಲ್ಲಿ ಬಂದರು. ಗಣಿ ಕೆಲಸದವರ ಎದೆ ಹೇಗಿದೆ ಎಂದು ಹಳ್ಳಿಹಳ್ಳಿಯಲ್ಲಿ ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ನಮ್ಮೂರಿಗೆ ಐದು ದಿನ ಇಟ್ಟುಕೊಂಡಿದ್ದರು. ಬರೆಯಲು ಒಬ್ಬ ಆಳು ಬೇಕು ಅಂದರು. ಊರಲ್ಲಿ ಖಾಲಿ ಕೂತಿದ್ದು ನಾನೊಬ್ಬನೇ.

“ಎಷ್ಟು ವರ್ಷ ಡ್ರಿಲ್ ಹಿಡಿದರೆ ಎದೆ ಕೆಡುತ್ತೆ ಅಂತ ಗೊತ್ತಾದರೆ, ಕೆಡುವುದಕ್ಕೆ ಮೊದಲೇ ಅವರನ್ನು ನೆಲದ ಮೇಲಿನ ಕೆಲಸಕ್ಕೆ ಹಾಕಿ ಅಂತ ಕೇಳಬಹುದು ಕಣಪ್ಪ” ಎಂದು ಅವರು ಹೇಳಿದಾಗ ನನಗೆ ನೆನಪಾಗಿದ್ದು ಭಾವನೇ. ಭಾವ ಸಂತೆಯಿಂದ ಒಂದು ಕುಂಬಳಕಾಯಿ ಹೊತ್ತು ತಂದರೆ ಅರ್ಧ ಗಂಟೆ ಮಾತಾಡುತ್ತಿರಲಿಲ್ಲ.

ಮೊದಲ ದಿನ ಚಾವಡಿಯಲ್ಲಿ ಕೂತೆವು. ಡಾಕ್ಟರ ಹತ್ತಿರ ಅಚ್ಚು ಹಾಕಿಸಿದ ಕಾಗದ ಇತ್ತು. ಒಬ್ಬೊಬ್ಬರಿಗೂ ನಲವತ್ತೆರಡು ಪ್ರಶ್ನೆ. ಅದನ್ನು ಇಂಗ್ಲಿಷಿನಿಂದ ಕನ್ನಡ ಮಾಡಿದವರು ಯಾರೋ ದೊಡ್ಡ ಪಂಡಿತರಿರಬೇಕು. ಮೊದಲು ಬಂದವನು ಗೋವಿಂದಪ್ಪ, ಊರಿಗೆಲ್ಲ ತಮಾಷೆ ಮಾಡಿಕೊಂಡಿರುವ ಮನುಷ್ಯ, ವಯಸ್ಸು ಐವತ್ತರ ಹತ್ತಿರ.

“ತಮಗೆ ಶ್ವಾಸೋಚ್ಛ್ವಾಸದಲ್ಲಿ ಏನಾದರೂ ಕ್ಲೇಶವುಂಟೆ?” ಎಂದು ಡಾಕ್ಟರು ಓದಿದರು.

ಗೋವಿಂದಪ್ಪ ನನ್ನ ಮುಖ ನೋಡಿದ. “ಏನ್ಲಾ ಪಿಳ್ಳ ಅದು, ಮದ್ವೆ ಮಂತ್ರನಾ?”

“ಉಸ್ರಾಡಾಕೆ ಕಷ್ಟ ಆಯ್ತದಾ ಅಂತ ಕೇಳ್ತಾವ್ರೆ.”

“ನಂಗಾ? ಇನ್ನೊಂದು ಮದ್ವೆ ಆಗಂಗಿವ್ನಿ ಅಂತ ಬರ್ಕಳಾಕೇಳು.”

ಹೀಗೇ ನಡೆಯಿತು. ಮನೆಗೆ ಕಿಟಕಿ ಎಷ್ಟು, ತಾತ ಯಾವ ಕಾಯಿಲೆಯಲ್ಲಿ ಸತ್ತ, ಹಸು ಒಳಗೆ ಕಟ್ಟುತ್ತೀರಾ ಹೊರಗೆ ಕಟ್ಟುತ್ತೀರಾ. ಶಿಫ್ಟ್ ಮುಗಿಸಿ ಬಂದವರಿಗೆ ಇಪ್ಪತ್ತನೇ ಪ್ರಶ್ನೆಗೆ ತೂಕಡಿಕೆ. ಕೆಮ್ಮು ಉಂಟೇ ಅಂದರೆ ಇಲ್ಲ. ದಮ್ಮು ಉಂಟೇ ಅಂದರೆ ಇಲ್ಲ. ಒಬ್ಬ ಕೆಮ್ಮುತ್ತಲೇ ಇಲ್ಲ ಅಂದ. ಭಾವನೂ ಬಂದ, ನನ್ನ ಕಡೆ ನೋಡದೆ ಎಲ್ಲದಕ್ಕೂ ಇಲ್ಲ ಎಂದು ಹೇಳಿ ಎದ್ದುಹೋದ.

ಸಾಯಂಕಾಲ ಡಾಕ್ಟರು ಕಾಗದ ಜೋಡಿಸುತ್ತಾ, “ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ, ಏನೂ ಬದಲಾಯಿಸಬೇಕಾಗಿಲ್ಲ ಅಂತ ನಾನೇ ಬರೆದುಕೊಡಬೇಕಾಗುತ್ತೆ” ಅಂದರು.

“ನಿಮ್ ಕಾಗ್ದ ಸರಿ ಇಲ್ಲ ಸ್ವಾಮಿ” ಅಂದೆ.

ಬೈಯುತ್ತಾರೆ ಅಂದುಕೊಂಡೆ. ಅವರು ಪೆನ್ಸಿಲ್ ನನ್ನ ಕೈಗೆ ಕೊಟ್ಟರು. “ಸರಿ ಮಾಡು.”

ನಾನು ಕಿಟಕಿ ಹೊಡೆದುಹಾಕಿದೆ, ತಾತನನ್ನು ಹೊಡೆದುಹಾಕಿದೆ, ಹಸು ಹೊಡೆದುಹಾಕಿದೆ. ಆಮೇಲೆ ಕಾಗದದ ತಲೆಯ ಮೇಲಿದ್ದ ಹೆಸರು, ತಂದೆಯ ಹೆಸರು, ಗಣಿಯಲ್ಲಿ ಕೊಟ್ಟ ಬಿಲ್ಲೆಯ ನಂಬರು, ಅವನ್ನೂ ಹೊಡೆದುಹಾಕಿದೆ. ಡಾಕ್ಟರು, “ಹೆಸರಿಲ್ಲದೆ ಹೇಗಪ್ಪ?” ಅಂದರು.

“ಬಿಲ್ಲೆ ನಂಬ್ರ ಕೊಟ್ಟೋನು ಕೆಮ್ಮು ಕೊಡಲ್ಲ ಸ್ವಾಮಿ. ಕೆಮ್ಮು ಅಂದ್ರೆ ಎಲ್ಲಿ ಡ್ರಿಲ್ ಕಿತ್ಕಂಡು ಮನೆಗೆ ಕಳಿಸ್ತಾರೋ ಅಂತ ಬಯ. ನಿಮ್ಗೆ ಬೇಕಾಗಿರಾದು ಎದೆ. ಎಸ್ರು ಯಾಕೆ?”

ಕೊನೆಗೆ ಐದು ಉಳಿದವು. ವಯಸ್ಸು, ಯಾವ ಕೆಲಸ, ಎಷ್ಟು ವರ್ಷ, ಬೇರೆ ಎಲ್ಲಾದರೂ ಮಾಡಿದ್ದುಂಟಾ, ಈಗ ಯಾವ ಶಿಫ್ಟು. ಉಸಿರಿನ ಪ್ರಶ್ನೆ ಮಾತ್ರ ಹೇಗೆ ಕೇಳಬೇಕೋ ನನಗೂ ತಿಳಿಯಲಿಲ್ಲ. ಅದೊಂದು ಬೇಕೇ ಬೇಕು.

ಮನೆಗೆ ಹೋದೆ. ಅಕ್ಕ ಒಗೆಯಲು ಹಾಕುವ ಮೊದಲು ಭಾವನ ಕೋಟಿನ ಜೇಬು ನೋಡುತ್ತಿದ್ದಳು. ಒಂದು ಬೆಂಕಿಪೊಟ್ಟಣ ತೆಗೆದು ಗೋಡೆಯ ಗೂಡಿನಲ್ಲಿಟ್ಟಳು. ದಿನಾ ನೋಡುವುದೇ. ಅವತ್ತು ಮಾತ್ರ ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಭಾವ ಬೀಡಿ ಬಿಟ್ಟು ಎರಡು ಸಂಕ್ರಾಂತಿ ಆಗಿತ್ತು. ಬೀಡಿ ಸೇದದವನ ಜೇಬಿನಲ್ಲಿ ದಿನಾ ಬೆಂಕಿಪೊಟ್ಟಣ ಯಾಕೆ?

ಯಾಕೆಂದು ನನಗೆ ಗೊತ್ತಿತ್ತು. ಆ ದಾರಿಯಲ್ಲಿ ನಡೆದವರಿಗೆಲ್ಲ ಗೊತ್ತು. ಗಣಿಯಿಂದ ನಮ್ಮೂರಿಗೆ ಮೂರು ಮೈಲಿ, ನಡುವೆ ಒಂದು ದಿನ್ನೆ. ಆ ದಾರಿಯಲ್ಲಿ ಸುಸ್ತಾಯಿತು ಎಂದು ಯಾರೂ ಹೇಳುವುದಿಲ್ಲ. “ಬೀಡಿ ಅಚ್ಚಾಣ ಇರ್ಲಾ” ಅನ್ನುತ್ತಾರೆ. ಒಬ್ಬ ಹಾಗಂದರೆ ಉಳಿದವರು ಯಾಕೆ ಏನು ಕೇಳದೆ ಕೂರಬೇಕು. ಕೂರಿಸಿದವನು ಎಲ್ಲರಿಗೂ ಬೆಂಕಿ ಕೊಡಬೇಕು. ಅದೇ ಪದ್ಧತಿ. ಭಾವ ಎಲ್ಲರಿಗೂ ಬೆಂಕಿ ಕೊಟ್ಟು, ತಾನು ಸೇದದೆ ಮಂಡಿ ಮೇಲೆ ಕೈಯಿಟ್ಟು ಕೂರುತ್ತಿದ್ದ.

ಬೆಳಿಗ್ಗೆ ಡಾಕ್ಟರಿಗೆ ಈ ಪದ್ಧತಿ ಬಿಡಿಸಿ ಹೇಳಿ, ಆರನೇ ಪ್ರಶ್ನೆ ಕೊಟ್ಟೆ. ಗಣಿಯಿಂದ ಮನೆಗೆ ಬರುವಾಗ ಬೀಡಿಗೆಂದು ಎಲ್ಲೆಲ್ಲಿ ಕೂರುತ್ತೀಯ?

ಅವತ್ತಿನಿಂದ ಚಾವಡಿ ಬೇರೆಯೇ ಆಯಿತು. ನಿಂತ ನಿಲುವಿನಲ್ಲೇ ಉತ್ತರ. ಒಬ್ಬನಿಗೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. “ಜೋಡಿಬಂಡೆತಾವ ಒಂದು, ಉಣಸೇಮರದ್ತಾವ ಒಂದು” ಎಂದು ಒಬ್ಬ. “ನಂದು ಮುನೇಸ್ವರನ ಗುಡಿ ಒಂದೇ” ಎಂದು ಇನ್ನೊಬ್ಬ. ಗೋವಿಂದಪ್ಪ, “ಸರ್ಕಾರದೋರು ಬೀಡಿ ಕೊಡ್ತಾರೇನ್ಲಾ? ಅಂಗಾದ್ರೆ ಎರಡು ಬರ್ಕ” ಅಂದ. ನಗುತ್ತಾ ಬಂದರು, ನಗುತ್ತಾ ಹೋದರು.

ಮೂರನೇ ದಿನ ಸಂಜೆ ಡಾಕ್ಟರು ಕಾಗದಗಳನ್ನು ವರ್ಷದ ಪ್ರಕಾರ ನೆಲದ ಮೇಲೆ ಹರಡಿದರು. ಹೊಸಬರು ಕೂರುವುದೇ ಇಲ್ಲ, ಇಲ್ಲವೇ ಒಂದು ಕಡೆ. ಡ್ರಿಲ್ ಹಿಡಿದು ವರ್ಷ ಆದ ಹಾಗೆ ಎರಡು, ಮೂರು. ಡಾಕ್ಟರು ನೆಲದ ಮೇಲೆ ಮಂಡಿಯೂರಿ ಕೂತಿದ್ದವರು ತಲೆಯೆತ್ತಿ, “ಪಿಳ್ಳಪ್ಪ, ಇದು ನನಗೆ ಹೊಳೆಯುತ್ತಿರಲಿಲ್ಲ” ಅಂದರು. ಪಿಳ್ಳ ಅಂತಲೇ ಎಲ್ಲರೂ ಕರೆಯುವ ನನ್ನನ್ನು ಪಿಳ್ಳಪ್ಪ ಎಂದು ಕರೆದದ್ದು ಅವರೇ ಮೊದಲು. ಎದೆಯುಬ್ಬಿಸಿಕೊಂಡೇ ಮನೆಗೆ ಹೋದೆ.

ಊಟಕ್ಕೆ ಕೂತಾಗ ಭಾವ ಅಂದ, “ಏನ್ಲಾ, ನಿನ್ ಕಾಗ್ದುಕ್ಕೆ ಎಲ್ರೂ ನಗಾಡ್ಕಂಡು ಏಳ್ತಾವ್ರಂತೆ. ನಾಳೆ ನಾನೂ ಬತ್ತೀನಿ. ಬೀಡಿ ಕತೆ ತಾನೆ?”

ನನ್ನ ಭಾವ ಎರಡು ವರ್ಷದಿಂದ ಮುಚ್ಚಿಟ್ಟಿದ್ದನ್ನು, ಡಾಕ್ಟರು ಅದನ್ನು ಉಸಿರೆಂದೇ ಓದುತ್ತಾರೆಂದು ತಿಳಿಯದೆ ನನ್ನ ಕೈಗೆ ಕೊಡಲು ಬರುತ್ತಿದ್ದ. ಉಳಿದವರದೂ ಅಷ್ಟೇ. ಅವರನ್ನು ಕೇಳದೆ ಅವರ ಜೇಬಿಗೆ ಕೈಹಾಕಿದ ಹಾಗಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಡಾಕ್ಟರಿಗೆ ನೇರವಾಗಿ ಹೇಳಿದೆ. “ಬೀಡಿ ಯಾಕೆ ಕೇಳಿದ್ದು ಅಂತ ಇವತ್ತು ಎಲ್ರಿಗೂ ಏಳ್ಬುಡ್ತೀನಿ.”

“ಹೇಳಿದರೆ ನಾಳೆಯಿಂದ ಎಲ್ಲರೂ ಇಲ್ಲ ಅಂತಾರೆ. ಇರುವುದೂ ಹೋಗುತ್ತೆ.”

“ಓದ್ರೆ ಓಯ್ತು ಸ್ವಾಮಿ. ನೀವು ನಾಡಿದ್ದು ರೈಲು ಅತ್ತೀರ. ನಾನು ಅದೇ ದಾರೀಲಿ ಅವ್ರ್ ಜೊತೆ ನಡೀಬೇಕು.”

ಅವರು ಪೆನ್ಸಿಲ್ ಕೆಳಗಿಟ್ಟು, “ಹೇಳು” ಅಂದರು.

ಮಧ್ಯಾಹ್ನ ಶಿಫ್ಟ್ ಬಿಟ್ಟು ಬಂದವರೆಲ್ಲ ಚಾವಡಿ ಮುಂದೆ ಸೇರಿದರು. ಭಾವನೂ ಇದ್ದ. ಪಕ್ಕದ ಬಾವಿಯಲ್ಲಿ ಹೆಂಗಸರು ನೀರು ಸೇದುತ್ತಿದ್ದರು, ಅಕ್ಕನೂ ಇದ್ದಳು. ನನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ.

“ನಾನು ಕೇಳಿದ್ದು ಬೀಡಿ ಅಲ್ಲ. ಉಸ್ರು. ನೀವು ಎಲ್ಲಿ ಕೂತ್ಕತೀರೋ ಅಲ್ಲಿ ಉಸ್ರು ಸಾಲ್ದೆ ಕೂತ್ಕತೀರ. ಅದುನ್ನ ಬರ್ಕಂಡಿವ್ನಿ.”

ಬಾವಿಯ ರಾಟೆಯ ಸದ್ದೂ ನಿಂತಿತು. ಗೋವಿಂದಪ್ಪನ ಮುಖದಲ್ಲಿ ನಗು ಇರಲಿಲ್ಲ. “ನಾವು ಕೂತ್ಕಳಾ ಜಾಗಕ್ಕೂ ಬಂದ್ಯೇನ್ಲಾ? ನಾಳೆ ಈ ಕಾಗ್ದ ಮೇಸ್ತ್ರಿ ಕೈಗೆ ಸಿಕ್ಕುದ್ರೆ?”

“ಅದ್ರಾಗೆ ಎಸ್ರಿಲ್ಲ, ಬಿಲ್ಲೆ ನಂಬ್ರ ಇಲ್ಲ. ನೋಡ್ಕಳಿ.”

“ನಮ್ಗೆ ಓದಾಕೆ ಬತ್ತದಾ?”

ಕಾಗದದ ಕಟ್ಟನ್ನು ತಂದು ಅವರ ಮುಂದಿದ್ದ ಕಲ್ಲಿನ ಮೇಲಿಟ್ಟೆ. “ನಂಬ್ಕೆ ಇಲ್ದಿದ್ರೆ ಸುಟ್ಟಾಕಿ. ಬೆಂಕಿಪೊಟ್ಣ ನಿಮ್ತಾವೇ ಐತೆ.”

ಡಾಕ್ಟರು ಅರ್ಧ ಎದ್ದವರು ಹಾಗೇ ಕೂತರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವ ಇರುವುದು ಅದಕ್ಕೆ.

ಭಾವ ಎದ್ದ. ಕೋಟಿನ ಜೇಬಿಂದ ಬೆಂಕಿಪೊಟ್ಟಣ ತೆಗೆದ. ಕಲ್ಲಿನ ಹತ್ತಿರ ಬಂದ. ಸುಡುತ್ತಾನೆ ಅಂದುಕೊಂಡೆ, ಎಲ್ಲರೂ ಹಾಗೇ ಅಂದುಕೊಂಡರು. ಗಾಳಿಗೆ ಮೇಲಿನ ಕಾಗದ ಪಟಪಟ ಅನ್ನುತ್ತಿತ್ತು. ಭಾವ ಅದರ ಮೇಲೆ ಬೆಂಕಿಪೊಟ್ಟಣ ಇಟ್ಟ.

“ಗಾಳಿಗೆ ಆರೋಗ್ಬುಡ್ತಾವೆ, ನೋಡ್ಕ” ಅಂದ. ಆಮೇಲೆ ನನ್ನ ಎದುರಿಗೆ ಕೂತ. “ನಂದು ಬರ್ಕ. ಅನ್ನೊಂದು ವರ್ಸ ಡ್ರಿಲ್ಲು. ಜೋಡಿಬಂಡೆ, ಉಣಸೇಮರ, ಗುಡಿ. ಆಮ್ಯಾಕೆ ನಮ್ಮನೆ ಇತ್ಲು ಬೇಲಿ.”

ನಾಲ್ಕನೆಯದು ನನಗೂ ಗೊತ್ತಿರಲಿಲ್ಲ. ಬೇಲಿಯಿಂದ ಬಾಗಿಲಿಗೆ ಹತ್ತು ಹೆಜ್ಜೆ.

“ಬೇಲಿತಾವ ಯಾಕೆ ಬಾವ?”

“ಒಳಕ್ಕೆ ಓಗೋವಾಗ ನಿಮ್ಮಕ್ಕನ ಮುಂದೆ ಏದುಸ್ರು ಬುಡಬಾರ್ದು ಅಂತ.” ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಅಂದ, “ಬೀಡಿ ಸೇದಲ್ಲ ನಾನು. ಎರಡು ವರ್ಸ ಆಯ್ತು. ಅದುನ್ನೂ ಬರ್ಕ.”

ಬಾವಿಯ ಹತ್ತಿರದಿಂದ ಅಕ್ಕ ಕೊಡ ಕೆಳಗಿಡದೆ ಅಂದಳು, “ನೀನು ಬೇಲಿತಾವ ನಿಂತ್ಕಳಾದು ನಂಗೊತ್ತಿಲ್ಲ ಅನ್ಕಂಡಿದ್ಯಾ? ನೀನು ಅಲ್ಲಿಂದ ಕದಲಾಗಂಟ ನಾನು ಮುದ್ದೆ ಕೋಲು ಮುಟ್ತಾನೇ ಇರ್ಲಿಲ್ಲ.”

ಭಾವ ತಲೆ ತಗ್ಗಿಸಿದ. ನಾನು ಬರೆದೆ. ನಾಲ್ಕು ಅನ್ನುವುದು ಸೊಟ್ಟಗಾಯಿತು.

ಆಮೇಲೆ ಒಬ್ಬೊಬ್ಬರೇ ಬಂದರು. ಮೊದಲು ಹೇಳಿದವರೂ ಮತ್ತೆ ಬಂದು ತಿದ್ದಿಸಿದರು. ಕೊನೆಗೆ ಗೋವಿಂದಪ್ಪ ಬಂದು ತಗ್ಗಿದ ದನಿಯಲ್ಲಿ, “ನಂದು ಎರಡು ಅಂದಿದ್ನಲ್ಲ, ಮೂರು ಮಾಡು” ಅಂದ.

“ಇನ್ನೊಂದು ಮದ್ವೆ?”

“ಅದು ಅಂಗೇ ಇರ್ಲಿ, ತಗೀಬ್ಯಾಡ.”

ಹೋಗುವ ದಿನ ಡಾಕ್ಟರು ಭಾವನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಒಂದು ಕಾಗದ ಬರೆದುಕೊಟ್ಟರು. ಹೋದದ್ದು ವಾಪಸ್ಸು ಬರುವುದಿಲ್ಲ, ಇನ್ನು ಧೂಳು ಕುಡಿಯಬೇಡ ಅಂದರು. ಆ ಕಾಗದ ಹಿಡಿದುಕೊಂಡು ಓಡಾಡಿ ಓಡಾಡಿ ಆರು ತಿಂಗಳ ಮೇಲೆ ಭಾವನಿಗೆ ಗಣಿಯ ಮೇಲೆ, ಕೆಳಗಿಳಿಯುವವರಿಗೆ ದೀಪ ಒರೆಸಿ ಕೊಡುವ ಕೆಲಸ ಸಿಕ್ಕಿತು. ಅಷ್ಟೇ ಸಿಕ್ಕಿದ್ದು. ಆದರೆ ಭಾವ ಇದ್ದಾನೆ. ಅವನ ಜೊತೆ ಡ್ರಿಲ್ ಹಿಡಿದಿದ್ದ ಇಬ್ಬರು ಇಲ್ಲ.

ಮುಂದಿನ ವರ್ಷ ಅಂಚೆಯಲ್ಲಿ ಒಂದು ಕಾಗದ ಬಂತು. ಡಾಕ್ಟರು ಬೇರೆ ಹಳ್ಳಿಗಳಿಗೆಂದು ಹೊಸದಾಗಿ ಅಚ್ಚು ಹಾಕಿಸಿದ್ದು. ಆರೇ ಪ್ರಶ್ನೆ. ಹೆಸರಿಲ್ಲ, ಬಿಲ್ಲೆ ನಂಬರಿಲ್ಲ. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಇತ್ತು: ಇದನ್ನು ಯಾಕೆ ಕೇಳುತ್ತೇವೆಂದು ಮೊದಲು ಓದಿ ಹೇಳತಕ್ಕದ್ದು.

ನಲವತ್ತೆರಡರಲ್ಲಿ ಮೂವತ್ತೇಳು ಹೊಡೆದುಹಾಕಿದವನು ನಾನು. ಮೂರನೇ ಕ್ಲಾಸಿನವನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಕಾಗದ ಈಗಲೂ ನನ್ನ ಟ್ರಂಕಿನಲ್ಲಿದೆ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ.

ಕಾಗದ ಬಂದ ಮಾರನೇ ದಿನ ಎಲ್ಲರೂ ಒಟ್ಟಿಗೆ ಮನೆಗೆ ಬರುತ್ತಿದ್ದೆವು. ದಿನ್ನೆ ಶುರುವಾಗುವ ಕಡೆ, ಜೋಡಿಬಂಡೆಯ ಹತ್ತಿರ, ಭಾವ ನಿಂತ. ಅಭ್ಯಾಸದಂತೆ ಕೈ ಜೇಬಿಗೆ ಹೋಯಿತು. ಹಾಗೇ ಬರಿಗೈ ಹೊರಗೆ ಬಂತು.

“ಉಸ್ರು ಕಟ್ಟೈತೆ” ಅಂದ. “ವಸಿ ಕೂತ್ಕಳಾಣ.”

ಆ ದಾರಿಯಲ್ಲಿ ಒಬ್ಬ ಗಂಡಸು ಹಾಗೆ ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ಗೋವಿಂದಪ್ಪ ತಲೆಯ ವಸ್ತ್ರ ಬಿಚ್ಚಿ ಬಂಡೆಯ ಮೇಲಿನ ಧೂಳು ಕೊಡವಿ, ಭಾವನಿಗೆ ಜಾಗ ಮಾಡಿಕೊಟ್ಟ. ನಾವೂ ಕೂತೆವು.